ಒಂಟೆಯ ಮೇಲೆ ಕೂತು ಕೇಳಿದ ಮಾತು

ಒಂಟೆಯ ಮೇಲೆ ಕೂರಬೇಕೆಂಬ ಆಸೆ ನನಗೆ ಯಾವತ್ತೂ ಇರಲಿಲ್ಲ. ಇದು ನನ್ನ ಮಗಳಿಗೂ ಗೊತ್ತು. ಜೂನ್ ತಿಂಗಳ ಒಂದು ಭಾನುವಾರ ಅವಳು ಮೆಲ್ಬರ್ನಿನಿಂದ ಫೋನ್ ಮಾಡಿ, "ಅಮ್ಮಾ, ಎಲ್ಲ ಸೇರಿ ಮರುಭೂಮಿಗೆ ಹೋಗುವ. ನಾಲ್ಕು ದಿನದ ಟೂರು, ಒಂಟೆ ಮೇಲೆ. ಬುಕ್ ಮಾಡಿ ಆಯ್ತು" ಎಂದಾಗ ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ಎಂತಕ್ಕೆ?"

"ಎಂತಕ್ಕೆ ಅಂದ್ರೆ? ಸುಮ್ಮನೆ. ಫ್ಯಾಮಿಲಿ ಟ್ರಿಪ್."

ಸುಮ್ಮನೆ ಯಾರೂ ಒಂಟೆ ಬುಕ್ ಮಾಡುವುದಿಲ್ಲ. ನಾನು ಆಯ್ತು ಎಂದೆ, ಫೋನ್ ಇಟ್ಟೆ, ಆವತ್ತಿನಿಂದ ಎಲ್ಲವನ್ನೂ ಗಮನಿಸತೊಡಗಿದೆ.

ಅವಳ ಅಪ್ಪ ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು. ಅವರು ಸಿಡ್ನಿಯಲ್ಲಿ ಬಸ್ಸು ಓಡಿಸುತ್ತಿದ್ದರು. ನಾನು ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳು. ಉಡುಪಿಯಿಂದ ಬಂದ ಮೇಲೆ ಬಾಡಿಗೆ ಮನೆಗಳಲ್ಲೇ ಇದ್ದು, ಕೊನೆಗೆ ಸಿಡ್ನಿಯ ಹೊರವಲಯದ ದಿ ಪಾಂಡ್ಸ್‌ನಲ್ಲಿ ಸ್ವಂತ ಮನೆ ಮಾಡಿದೆವು. ಮಗಳು ಮದುವೆಯಾಗಿ ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿದ್ದಾಳೆ. ಮಗನಿಗೆ ಇನ್ನೂ ಮದುವೆಯಾಗಿಲ್ಲ, ನನ್ನ ಜೊತೆಗೇ ಇದ್ದ.

ನನಗೆ ಪ್ರವಾಸವೆಂದರೆ ಅನುಮಾನ ಬರಲು ಕಾರಣ ಇದೆ. ಗಂಡನ ಕಾಯಿಲೆ ನನಗೆ ಗೊತ್ತಾದದ್ದೂ ಒಂದು ಪ್ರವಾಸದಲ್ಲೇ. ಮಕ್ಕಳಿಬ್ಬರೂ ನನ್ನನ್ನು ಹತ್ತಿರದ ಬೆಟ್ಟಸಾಲು ಬ್ಲೂ ಮೌಂಟನ್ಸ್‌ಗೆ ಕರೆದುಕೊಂಡು ಹೋಗಿ, ಬೆಂಚಿನಲ್ಲಿ ಕೂರಿಸಿ, ಬಿಸಿ ಚಿಪ್ಸ್ ತಿನ್ನಿಸಿ, ಆಮೇಲೆ ಹೇಳಿದರು: "ಅಪ್ಪನಿಗೆ ಗ್ಯಾಸ್ಟ್ರಿಕ್ ಅಲ್ಲ." ಮಕ್ಕಳಿಗೆ ಮೂರು ತಿಂಗಳ ಹಿಂದೆಯೇ ಗೊತ್ತಿತ್ತು. ಅವರ ಅಪ್ಪನಿಗೂ ಗೊತ್ತಿತ್ತು. ಆ ಮನೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ. ಆ ಮೂರು ತಿಂಗಳು ನಾನು ಮಾಡಿದ್ದೇನು? ತಟ್ಟೆಯಲ್ಲಿ ಅನ್ನ ಬಿಟ್ಟರೆ ಬೈದದ್ದು. "ಬೇಡದಿದ್ದರೆ ಮೊದಲೇ ಹೇಳಿ, ಕಷ್ಟಪಟ್ಟು ಮಾಡಿದ್ದು ಕಸಕ್ಕೆ ಹಾಕುದಾ?" ಎಂದು ದಿನವೂ ಬೈದದ್ದು. ಬ್ಲೂ ಮೌಂಟನ್ಸ್‌ನಿಂದ ಬಂದ ಮೇಲೆ ಅವರು ಇದ್ದದ್ದು ಐದೇ ವಾರ. ಆ ಐದು ವಾರದಲ್ಲಿ ಕೇಳಬೇಕಾದದ್ದನ್ನು ಕೇಳುವ ಧೈರ್ಯ ನನಗಾಗಲಿಲ್ಲ. ನನ್ನಿಂದ ಯಾಕೆ ಅಡಗಿಸಿದಿರಿ ಎಂದು ಸಾಯುವವರನ್ನು ಹೇಗೆ ಕೇಳುವುದು?

ನಮ್ಮ ಕಡೆ ಸತ್ತವರಿಗೆ ಬಡಿಸುವ ಕ್ರಮ ಉಂಟು. ಆಷಾಢದ ಮಳೆಗಾಲದ ಆಟಿ ತಿಂಗಳಲ್ಲಿ ಅವರಿಗೆ ಇಷ್ಟವಾದ ಅಡುಗೆ ಮಾಡಿ, ಬಾಳೆಲೆಯಲ್ಲಿ ಬಡಿಸಿ, ದೀಪ ಇಟ್ಟು, ಬಾಗಿಲು ಹಾಕಿ ಹೊರಗೆ ಕಾಯಬೇಕು. ಅವರು ಉಣ್ಣುವಾಗ ನೋಡಬಾರದು. ಸ್ವಲ್ಪ ಹೊತ್ತಿನ ಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು. ವರ್ಷಕ್ಕೆ ಒಂದೆರಡು ಸಲ ಮಾಡುವ ಇದನ್ನು ನಾನು ಪ್ರತಿ ಶನಿವಾರ ಮಾಡುತ್ತಿದ್ದೆ. ಪೆಂಡಲ್ ಹಿಲ್ಲಿನ ಇಂಡಿಯನ್ ಅಂಗಡಿಯಿಂದ ಬಾಳೆಲೆ ತಂದು, ಅವರು ಕೊನೆಗೆ ಮಲಗಿದ್ದ ಕೆಳಗಿನ ಕೋಣೆಯಲ್ಲಿ ಬಡಿಸಿ, ಬಾಗಿಲು ಹಾಕಿ, ಎದುರಿನ ಮೆಟ್ಟಿಲಲ್ಲಿ ಕೂರುತ್ತಿದ್ದೆ. ಮಗ ಶನಿವಾರ ಬೆಳಿಗ್ಗೆ ಕ್ರಿಕೆಟ್‌ಗೆ ಹೋಗುತ್ತಾನೆ, ಹಾಗಾಗಿ ಅವನಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಊರಲ್ಲಿರುವ ನಾದಿನಿಗೆ ಮಾತ್ರ ಫೋನಿನಲ್ಲಿ ಹೇಳಿದ್ದೆ. "ವಾರ ವಾರ ಕರೆದರೆ ಅಣ್ಣ ಹೋಗುದು ಯಾವಾಗ ಅತ್ತಿಗೆ?" ಎಂದು ಅವಳು ಸಿಟ್ಟು ಮಾಡಿದ್ದಳು. ನಾನು ಬಿಟ್ಟಿರಲಿಲ್ಲ.

ಆದ್ದರಿಂದ ನನಗೆ ಬೇಕಾದದ್ದು ಒಂದೇ. ಆ ಮನೆ ಬಿಡಬಾರದು. ಅವರು ಸತ್ತ ಮನೆ ಅದು. ಬರುವುದಿದ್ದರೆ ಅಲ್ಲಿಗೇ ಬರಬೇಕು.

ಟೂರಿನ ಸುದ್ದಿ ಬಂದ ವಾರವೇ ಒಬ್ಬ ಮನುಷ್ಯ ಮನೆಗೆ ಬಂದು ಕೋಣೆ ಕೋಣೆಯ ಫೋಟೋ ತೆಗೆದ, ಟೇಪು ಹಿಡಿದು ಅಳೆದ. ಇನ್ಶೂರೆನ್ಸ್‌ನವನು ಎಂದ ಮಗ. ಇನ್ಶೂರೆನ್ಸ್‌ನವನಿಗೆ ನಮ್ಮ ಬಟ್ಟೆಯ ಕಪಾಟು ಎಷ್ಟು ದೊಡ್ಡದೆಂದು ಯಾಕೆ ಬೇಕು? ಇನ್ನೊಂದು ದಿನ ನಾನು ಬಟ್ಟೆ ಒಣಗಿಸಲು ಹೋದಾಗ ಮಗ ಗ್ಯಾರೇಜಿನಲ್ಲಿ ಫೋನಿನಲ್ಲಿದ್ದ. "ಈಗ ಬೇಡ ಅಕ್ಕ. ಅಲ್ಲಿ ಹೋದ ಮೇಲೆ ಹೇಳುವ" ಎಂದದ್ದು ನನ್ನ ಕಿವಿಗೆ ಬಿತ್ತು. ಮನೆ ಮಾರುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಮರುಭೂಮಿಯಲ್ಲಿ ಕೂರಿಸಿ ಹೇಳಿದರೆ ಎದ್ದು ಹೋಗಲು ಜಾಗವಿಲ್ಲವಲ್ಲ, ಅದಕ್ಕೇ ಈ ಟೂರು. ಮನೆಯ ಪತ್ರದಲ್ಲಿ ನನ್ನ ಹೆಸರಿದೆ, ನನ್ನ ಸಹಿ ಬೇಕು. ನಾನೂ ಒಂದು ಉಪಾಯ ಮಾಡಿದೆ. ಹೊರಡುವ ದಿನ ಓದುವ ಕನ್ನಡಕವನ್ನು ಟಿವಿಯ ಹತ್ತಿರ ಬಿಟ್ಟು ಬಂದೆ. ಓದಲಾಗದ ಕಾಗದಕ್ಕೆ ಸಹಿ ಹಾಕು ಎಂದು ಯಾರೂ ಹೇಳುವಂತಿಲ್ಲ.

ಮೊದಲು ವಿಮಾನದಲ್ಲಿ ಮೆಲ್ಬರ್ನಿಗೆ ಹೋಗಿ ಮಗಳ ಮನೆಯಲ್ಲಿ ಒಂದು ದಿನ ಇದ್ದೆವು. ಅಳಿಯ ಬರುವುದಿಲ್ಲ, ರಜೆ ಸಿಗಲಿಲ್ಲವಂತೆ. ಏಳು ವರ್ಷದ ಮೊಮ್ಮಗಳಿಗೆ ಮಾತ್ರ ಶಾಲೆಯಿಂದ ರಜೆ ಸಿಕ್ಕಿತ್ತು. ಸ್ಕೂಲು ಒಳ್ಳೆಯದೆಂದು ಆ ಸಬರ್ಬಿಗೆ ಬಂದು ಕೂತವರು ಅದೇ ಸ್ಕೂಲಿಗೆ ಒಂದು ವಾರ ಚಕ್ಕರ್ ಹಾಕಿಸಿದ್ದರು.

ನಾನು ಕೈಕಾಲು ತೊಳೆಯಲು ಕೆಳಗಿನ ಬಾತ್‌ರೂಮಿಗೆ ಹೋದೆ. ಕಮೋಡಿನ ಪಕ್ಕದ ಗೋಡೆಯಲ್ಲಿ, ಹಿಡಿದುಕೊಂಡು ಏಳಲು, ಹೊಸ ಸ್ಟೀಲಿನ ಹಿಡಿ ಇತ್ತು. ಶವರಿನ ಕೆಳಗೆ ಇನ್ನೊಂದು. ಮುಟ್ಟಿ ನೋಡಿದೆ. ಟೈಲ್ಸ್ ಕೊರೆದ ಬಿಳಿ ಹುಡಿ ಇನ್ನೂ ಮೂಲೆಯಲ್ಲಿತ್ತು. ಆ ಮನೆಯಲ್ಲಿ ಮುದುಕರು ಯಾರೂ ಇಲ್ಲ. ನಾನು ಹೊರಗೆ ಬಂದೆ. ಮಗಳು ಚಾ ಕೊಟ್ಟಳು, ಕುಡಿದೆ.

ಅಲ್ಲಿಂದ ಕಾರಿನಲ್ಲಿ ಒಂದೂವರೆ ದಿನ. ಗೋಧಿಯ ಗದ್ದೆಗಳು ಮುಗಿದು ಕೆಂಪು ಮಣ್ಣು ಬಂತು, ಆಮೇಲೆ ಫೋನಿನ ಸಿಗ್ನಲ್ ಹೋಯಿತು. ಒಂಟೆಗಳನ್ನು ನಡೆಸುವವಳು ನನ್ನದೇ ಪ್ರಾಯದ ಒಬ್ಬ ಬಿಳಿಯ ಹೆಂಗಸು. ಬೇರೆ ಪ್ರವಾಸಿಗರು ಯಾರೂ ಇರಲಿಲ್ಲ. ಅದೂ ನನಗೆ ಸರಿ ಕಾಣಲಿಲ್ಲ.

ಒಂಟೆಯ ಎರಡೂ ಬದಿಗೆ ಭಾರ ಸಮ ಇರಬೇಕಂತೆ, ಇಲ್ಲದಿದ್ದರೆ ಬೆನ್ನು ಉಜ್ಜಿ ಗಾಯವಾಗುತ್ತದೆ. ಅವಳು ನಮ್ಮ ಬ್ಯಾಗುಗಳನ್ನು ಒಂದೊಂದಾಗಿ ಕೊಕ್ಕೆಯ ತಕ್ಕಡಿಗೆ ಸಿಕ್ಕಿಸಿ ತೂಗಿದಳು. ನನ್ನದು ಎಲ್ಲರದ್ದಕ್ಕಿಂತ ಹೆಚ್ಚು.

"ಅಮ್ಮಾ, ಎಂತ ತುಂಬಿಸಿದ್ದೀಯ?" ಎಂದ ಮಗ.

"ಬಟ್ಟೆ."

ಅವನು ಜಿಪ್ಪು ಎಳೆದ. ಕುಚ್ಚಲಕ್ಕಿ, ಉಪ್ಪಿನಕಾಯಿ, ಒಣ ಸೀಗಡಿ ಚಟ್ನಿಯ ಡಬ್ಬ. ಡಬ್ಬದ ಮುಚ್ಚಳ ಸಡಿಲಾಗಿತ್ತು. ಪಕ್ಕದಲ್ಲಿ ಕೂತಿದ್ದ ಒಂಟೆ ಮೂಗಿನ ಹೊಳ್ಳೆ ಮುಚ್ಚಿಕೊಂಡು ಮುಖ ಆಚೆ ತಿರುಗಿಸಿತು.

"ನೋಡು, ಒಂಟೆಗೂ ಆಗುದಿಲ್ಲ ನಿನ್ನ ಚಟ್ನಿ" ಎಂದು ಮಗಳು ನಕ್ಕಳು.

"ಇವರು ಎಂತ ತಿನ್ಲಿಕ್ಕೆ ಕೊಡ್ತಾರೋ ಯಾರಿಗೆ ಗೊತ್ತು."

"ನಾವು ಹೇಳಿದ್ದೇವೆ ಅಮ್ಮಾ, ಅನ್ನ ಉಂಟು."

"ನೀವು ಹೇಳುದಕ್ಕೂ ಇರುದಕ್ಕೂ ಯಾವತ್ತೂ ಸರಿಯಾಗುದಿಲ್ಲ" ಎಂದೆ. ಅವಳ ನಗು ನಿಂತಿತು.

ಒಂಟೆ ಏಳುವಾಗ ಹಿಂದಿನ ಕಾಲನ್ನು ಮೊದಲು ಎತ್ತುತ್ತದೆ. ಮುಂದೆ ಬಿದ್ದೇ ಹೋದೆ ಎನ್ನುವಷ್ಟರಲ್ಲಿ ಮುಂಗಾಲೂ ಎದ್ದು ನಾವು ಆಕಾಶದಲ್ಲಿರುತ್ತೇವೆ. ಒಂದು ಒಂಟೆಯ ಜೀನಿನಲ್ಲಿ ಎರಡು ಸೀಟು, ಒಂದರ ಹಿಂದೆ ಒಂದು. ನನ್ನ ಹಿಂದೆ ಮೊಮ್ಮಗಳು ಕೂತಳು. "ಅಜ್ಜಿ, ಆರ್ ಯು ಸ್ಕೇರ್ಡ್?" ಎಂದು ಕೇಳಿದಳು. ಇಲ್ಲ ಮಗಾ ಎಂದೆ. ಹೆದರಿಕೆ ಒಂಟೆಯದ್ದಾಗಿರಲಿಲ್ಲ. ಮಗಳ ಬೆನ್ನ ಚೀಲದಲ್ಲಿ ಒಂದು ಪ್ಲಾಸ್ಟಿಕ್ ಫೈಲ್ ಇತ್ತು. ಕಾರಿನಲ್ಲಿ ಬರುವಾಗಲೇ ನೋಡಿದ್ದೆ. ಮರುಭೂಮಿಗೆ ಯಾರಾದರೂ ಫೈಲ್ ತರುತ್ತಾರಾ? ಮುಂದಿನ ಒಂಟೆಯಲ್ಲಿ ಅವಳ ಬೆನ್ನು, ಆ ಬೆನ್ನಿನಲ್ಲಿ ಆ ಚೀಲ. ಮೊದಲ ದಿನವೆಲ್ಲ ನಾನು ನೋಡಿದ ಮರುಭೂಮಿ ಅಷ್ಟೇ. ದೂರದಲ್ಲಿ ನೀಲಿ ಗುಡ್ಡಗಳಿದ್ದವು, ಕೆಂಪು ದಿಬ್ಬಗಳ ಮೇಲೆ ಬೂದು ಬಣ್ಣದ ಕುರುಚಲು ಗಿಡಗಳಿದ್ದವು. ಚೆಂದವೇ ಇತ್ತು. ನೋಡುವ ಮನಸ್ಸಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಒಂದು ಬತ್ತಿದ ಹೊಳೆಯ ಮರಳಿನಲ್ಲಿ ಇಳಿದೆವು. ಆ ಹೆಂಗಸು ಮೊಮ್ಮಗಳನ್ನು ಕರೆದುಕೊಂಡು ಸೌದೆ ಆರಿಸಲು ಹೋದಳು. ಮಕ್ಕಳಿಬ್ಬರೂ ನನ್ನ ಎರಡು ಬದಿಗೆ ಬಂದು ಕೂತರು. ಬ್ಲೂ ಮೌಂಟನ್ಸ್‌ನಲ್ಲೂ ಹೀಗೆಯೇ ಕೂತಿದ್ದರು.

"ಅಮ್ಮಾ, ಒಂದು ವಿಷಯ ಹೇಳ್ಲಿಕ್ಕುಂಟು" ಎಂದಳು ಮಗಳು.

"ಹೇಳು. ಅದಕ್ಕೇ ಅಲ್ವಾ ಒಂಟೆ ಮೇಲೆ ಕೂರಿಸಿದ್ದು."

ಅವಳು ತಮ್ಮನ ಮುಖ ನೋಡಿದಳು. ಅವನು ಮರಳು ಕೆದಕಿದ. "ನನಗೆ ಮೆಲ್ಬರ್ನಿನಲ್ಲಿ ಕೆಲಸ ಆಗಿದೆ ಅಮ್ಮ" ಎಂದ. "ಸೆಪ್ಟೆಂಬರಿಗೆ ಹೋಗ್ಬೇಕು."

"ನೀನೂ ನಮ್ಮ ಮನೆಗೆ ಬಾ" ಎಂದಳು ಅವಳು. "ಮೂರೂ ಜನ ಒಂದೇ ಊರಲ್ಲಿ ಇರುವ."

"ಮನೆ ಮಾರುದಾ?"

"ಮಾರುದಲ್ಲ ಮಾರಾಯ್ತಿ, ರೆಂಟಿಗೆ ಕೊಡುದು."

"ಬಾತ್‌ರೂಮಲ್ಲಿ ಹಿಡಿ ಯಾರಿಗೆ ಹಾಕಿಸಿದ್ದು?"

"ಅದು... ರಿಪೇರಿಯವ ಬಂದಿದ್ದ, ಹಾಗೇ..."

"ಹನ್ನೊಂದು ವರ್ಷ ನಾನು ಆ ಹಿಡಿಗಳ ನಡುವೆಯೇ ಕೆಲಸ ಮಾಡಿದ್ದು. ಹಾಗೇ ಯಾರೂ ಹಾಕಿಸುದಿಲ್ಲ. ನನಗೆ ಅರವತ್ತೊಂದು, ಎಂಬತ್ತೊಂದಲ್ಲ. ನಾನು ಒಬ್ಬಳೇ ಇರ್ತೇನೆ."

"ಒಬ್ಬಳೇ ಇರ್ಲಿಕ್ಕೆ ಆಗುದಿಲ್ಲ ಅಮ್ಮಾ."

"ಯಾಕೆ ಆಗುದಿಲ್ಲ?"

ಮಗ ಮೆಲ್ಲಗೆ ಹೇಳಿದ. ಬಾಗಿಲ ಹತ್ತಿರ ಇಟ್ಟು ಹೋದ ಪಾರ್ಸೆಲ್ ಕಳವಾದ ಮೇಲೆ ಅವನು ಮನೆಯೊಳಗೆ ಒಂದು ಸಣ್ಣ ಕ್ಯಾಮೆರಾ ಇಟ್ಟಿದ್ದ. ನನಗೂ ತೋರಿಸಿದ್ದ, ಅದು ಮುಂಬಾಗಿಲನ್ನು ನೋಡುವುದು ಎಂದಿದ್ದ. ಅದಕ್ಕೆ ಮೆಟ್ಟಿಲೂ ಕಾಣುತ್ತದೆ, ಮಾತೂ ಕೇಳುತ್ತದೆ ಎಂದು ಹೇಳಿರಲಿಲ್ಲ.

"ಶನಿವಾರ ನೀನು ಅಪ್ಪನಿಗೆ ಬಡಿಸುದು ನೋಡಿದೆ. ಅದು ಪರ್ವಾಗಿಲ್ಲ. ಆದ್ರೆ ಮೆಟ್ಟಿಲಲ್ಲಿ ಕೂತು ಅವರ ಹತ್ರ ಜಗಳ ಮಾಡ್ತೀಯ ಅಮ್ಮ. ಜೋರಾಗಿ. ಅರ್ಧ ಗಂಟೆ."

ನನಗೆ ಬೀದಿಯಲ್ಲಿ ಸೀರೆ ಬಿಚ್ಚಿದ ಹಾಗಾಯಿತು. ಮಗಳು ಫೈಲ್ ತೆಗೆದು ಒಂದು ಹಾಳೆ ನನ್ನ ಕೈಗೆ ಕೊಟ್ಟಳು.

"ಕನ್ನಡಕ ತರಲಿಲ್ಲ" ಎಂದೆ.

ಮಗ ಜೇಬಿಗೆ ಕೈ ಹಾಕಿ ನನ್ನ ಕನ್ನಡಕ ತೆಗೆದ. "ನೀನು ಟಿವಿ ಹತ್ರ ಬಿಟ್ಟಿದ್ದೆ. ನಾನೇ ತಂದದ್ದು."

ಓದಿದೆ. ಅದು ಮನೆಯ ಕಾಗದವಾಗಿರಲಿಲ್ಲ. ನನ್ನ ನೆನಪಿನ ಶಕ್ತಿ ಪರೀಕ್ಷಿಸಲು ಡಾಕ್ಟರಲ್ಲಿ ದಿನ ಗೊತ್ತು ಮಾಡಿದ ಚೀಟಿ. ನಾನು ಅವರ ಮೇಲೆ ಅನುಮಾನಪಟ್ಟು ಕೂತಿದ್ದ ಹೊತ್ತಿನಲ್ಲೇ ಅವರು ನನ್ನ ತಲೆಯ ಮೇಲೆ ಅನುಮಾನಪಟ್ಟು ಕೂತಿದ್ದರು. ಕನ್ನಡಕ ಮರೆತದ್ದನ್ನೂ ಆ ಲೆಕ್ಕಕ್ಕೇ ಸೇರಿಸಿರಬೇಕು.

"ನನಗೆ ಮರೆವಿಲ್ಲ" ಎಂದೆ. "ಅವರು ಸತ್ತದ್ದು ನನಗೆ ಗೊತ್ತುಂಟು. ಗೊತ್ತಿದ್ದೇ ಬೈಯುದು."

"ಎಂತಕ್ಕೆ ಬೈಯುದು?"

"ಮೂರು ತಿಂಗಳು ನನ್ನಿಂದ ಅಡಗಿಸಿದ್ದಕ್ಕೆ. ನಿಮಗೆಲ್ಲ ಹೇಳಿ ನನಗೊಬ್ಬಳಿಗೆ ಹೇಳದ್ದಕ್ಕೆ. ಮೂವತ್ತಾರು ವರ್ಷ ಒಟ್ಟಿಗೆ ಇದ್ದವಳು ನಾನು. ಅಷ್ಟೂ ನಂಬಿಕೆ ಇಲ್ವಾ ಅಂತ ಕೇಳುದು."

ಮಗಳು ಎದ್ದು ಹೊಳೆಯ ಗುಂಟ ಬಹಳ ದೂರ ನಡೆದು ಹೋದಳು. ಮಗ ಹಿಂದೆ ಹೋಗಲಿಲ್ಲ. ಊಟಕ್ಕೆ ಕರೆದಾಗ ಬಂದಳು, ತಟ್ಟೆ ಹಿಡಿದುಕೊಂಡು ನನ್ನಿಂದ ದೂರ ಕೂತಳು. ಅವಳಿಗೆ ಎಂತ ಕೋಪ? ಕೋಪ ಬರಬೇಕಾದದ್ದು ನನಗಲ್ಲವಾ? ಇನ್ನೂ ಏನೋ ಉಂಟು, ಇವರು ಪೂರ್ತಿ ಹೇಳಿಲ್ಲ ಎಂದು ನನಗೆ ಅನಿಸಿತು.

ಮೂರನೆಯ ದಿನ ಬೆಳಿಗ್ಗೆ ಒಂಟೆ ಹತ್ತುವಾಗ ಮೊಮ್ಮಗಳನ್ನು ಮಾವನ ಜೊತೆ ಕಳಿಸಿ ಮಗಳು ನನ್ನ ಹಿಂದಿನ ಸೀಟಿಗೆ ಬಂದಳು. ಒಂಟೆ ಎದ್ದಿತು. ಸಾಲು ಹೊರಟಿತು. ಪ್ರತಿ ಒಂಟೆಯ ಮೂಗುದಾರವನ್ನು ಮುಂದಿನದರ ಜೀನಿಗೆ ತೆಳು ನೂಲಿನಲ್ಲಿ ಕಟ್ಟಿರುತ್ತಾರೆ. ಎಳೆತ ಹೆಚ್ಚಾದರೆ ನೂಲು ತುಂಡಾಗಬೇಕು, ಮೂಗಿಗೆ ನೋವಾಗಬಾರದು. ನಾನು ಆ ನೂಲನ್ನೇ ನೋಡುತ್ತಿದ್ದೆ. ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ತುಂಬ ದೂರ ಹೋದ ಮೇಲೆ ನನ್ನ ಬೆನ್ನಿನ ಹತ್ತಿರ ಅವಳ ಸ್ವರ ಬಂತು.

"ಅಪ್ಪ ಹೇಳ್ಬೇಕು ಅಂತ ಇದ್ರು. ಬೇಡ ಅಂದದ್ದು ನಾನು."

ನನಗೆ ಮೊದಲು ಬಂದದ್ದು ಸಂಶಯವೇ. ಸತ್ತ ಅಪ್ಪನ ಮೇಲಿನ ತಪ್ಪು ತೆಗೆಯಲು ಇದನ್ನು ಈಗ ಕಟ್ಟಿ ಹೇಳುತ್ತಿದ್ದಾಳೆ, ಅಮ್ಮ ಬೈಯುವುದನ್ನು ನಿಲ್ಲಿಸಲಿ ಎಂದು. ರಾತ್ರಿಯೆಲ್ಲ ಯೋಚನೆ ಮಾಡಿ ಹುಡುಕಿದ ಮದ್ದು ಇದು.

"ಯಾವಾಗ ಹೇಳ್ಬೇಕು ಅಂತ ಇದ್ರು?" ಎಂದು ಕೇಳಿದೆ. ವೃದ್ಧಾಶ್ರಮದಲ್ಲಿ ನರ್ಸುಗಳು ಕೇಳುವ ಹಾಗೆ, ಸ್ವರದಲ್ಲಿ ಏನೂ ಇಲ್ಲದೆ.

"ಒಂದು ಭಾನುವಾರ. ಗೊತ್ತಾಗಿ ಎರಡು ವಾರ ಆಗಿತ್ತು ಅಷ್ಟೆ. ಇವತ್ತು ಅಮ್ಮನಿಗೆ ಹೇಳ್ತೇನೆ ಅಂತ ಮೆಸೇಜ್ ಹಾಕಿದ್ರು. ನಾನು ಕೂಡ್ಲೇ ಫೋನ್ ಮಾಡಿದೆ. ಹಿತ್ತಿಲಿಗೆ ಬಂದು ಮಾತಾಡಿದ್ರು. ನಾನು ಅತ್ತುಬಿಟ್ಟೆ. ಇನ್ನೊಬ್ಬ ಡಾಕ್ಟರಿಗೆ ತೋರಿಸುವ ತನಕ ಬೇಡ ಅಂದೆ, ಅಮ್ಮನಿಗೆ ತಡೆಯುದಿಲ್ಲ ಅಂದೆ. ನನ್ನ ಮೇಲೆ ಆಣೆ ಹಾಕಿಸಿದೆ."

"ನಾನು ಆಗ ಎಂತ ಮಾಡ್ತಿದ್ದೆ ಅಂತ ಹೇಳಿದ್ರು?"

"ಮೀನು ಕೊಯ್ತಾ ಇದ್ದಾಳೆ, ಕೈ ತೊಳ್ಕೊಂಡ ಮೇಲೆ ಹೇಳ್ತೇನೆ ಅಂದ್ರು."

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೆಂದು ನನಗೇ ಗೊತ್ತಿರಲಿಲ್ಲ. ಆ ಭಾನುವಾರ ಅವರು ಇಸ್ತ್ರಿ ಹಾಕಿದ ಶರ್ಟು ಹಾಕಿಕೊಂಡು ಅಡುಗೆಮನೆಗೆ ಬಂದು ನಿಂತಿದ್ದರು. "ಸ್ವಲ್ಪ ಕೂತ್ಕೊ, ಒಂದು ಮಾತುಂಟು" ಎಂದಿದ್ದರು. "ಬಂಗುಡೆ ಹಿಡಿದುಕೊಂಡದ್ದು ಕಾಣುದಿಲ್ವಾ? ಅಲ್ಲಿಂದಲೇ ಹೇಳಿ" ಎಂದಿದ್ದೆ. ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ತುಂಬ ಹೊತ್ತು ಹೊರಗಿದ್ದು ಬಂದರು. ಎಂತ ಮಾತು ಎಂದು ಕೇಳಿದೆ. "ಎಂತದೂ ಇಲ್ಲ. ಒಂದು ಚಾ ಮಾಡ್ತೀಯಾ?" ಎಂದರು. ಹೊರಗೆ ಹೋಗುವ ಶರ್ಟು ಮನೆಯಲ್ಲಿ ಯಾಕೆ ಎಂದು ಆವತ್ತು ನಾನು ಕೇಳಲೂ ಇಲ್ಲ.

ಅಂದರೆ ಎಂಟು ತಿಂಗಳು ನಾನು ಆ ಬಾಗಿಲಿಗೆ ಸುಳ್ಳೇ ಬೈದೆ. ಮೊದಲು ತಟ್ಟೆಗೆ ಬೈದೆ, ಆಮೇಲೆ ಬಾಗಿಲಿಗೆ.

ಹಿಂದೆ ಅವಳು ಅಳುತ್ತಿದ್ದಳು. ಒಂಟೆ ನಡೆಯುತ್ತಲೇ ಇತ್ತು. ಇಳಿಯಬೇಕೆನಿಸಿತು, ಅವಳಿಂದ ದೂರ ಹೋಗಬೇಕೆನಿಸಿತು, ಅವಳ ಕೆನ್ನೆಗೆ ಒಂದು ಬಿಡಬೇಕೆನಿಸಿತು. ಯಾವುದಕ್ಕೂ ದಾರಿ ಇರಲಿಲ್ಲ. ಮಧ್ಯಾಹ್ನದ ತನಕ ಹಾಗೆಯೇ ಹೋದೆವು. ಇಳಿದ ಮೇಲೆ ಅವಳು ಎದುರು ಬಂದು ನಿಂತಳು. ಕಣ್ಣು ಊದಿತ್ತು. ಕಾಲು ಜೋಮು ಹಿಡಿದು ಅವಳಿಗೆ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ, ನನಗೂ ಆಗುತ್ತಿರಲಿಲ್ಲ. ಒಬ್ಬರನ್ನೊಬ್ಬರು ಹಿಡಿದುಕೊಂಡೇ ನಿಂತೆವು. ನಾನು ಕ್ಷಮಿಸಿದೆ ಎಂದು ಹೇಳಲಿಲ್ಲ. ಹೇಳಿದ್ದರೆ ಸುಳ್ಳಾಗುತ್ತಿತ್ತು.

ಕೊನೆಯ ದಿನ ಬೆಳಿಗ್ಗೆ ಆ ಹೆಂಗಸು ಬ್ಯಾಗುಗಳನ್ನು ಮತ್ತೆ ತೂಗುತ್ತಿದ್ದಾಗ ನಾನು ಇಬ್ಬರನ್ನೂ ಕರೆದೆ.

"ಡಾಕ್ಟರ್ ಹತ್ರ ಬರ್ತೇನೆ. ಪರೀಕ್ಷೆ ಮಾಡ್ಲಿ. ತಲೆ ಸರಿ ಉಂಟು ಅಂತ ಅವರು ಹೇಳಿದ್ರೆ ನಾನು ನನ್ನ ಮನೆಯಲ್ಲೇ ಇರ್ತೇನೆ."

"ಸರಿ ಇಲ್ಲ ಅಂದ್ರೆ?" ಎಂದ ಮಗ. ಮಗಳು ಅವನ ಕೈ ಚಿವುಟಿದಳು.

"ಸರಿ ಇಲ್ಲ ಅಂದ್ರೂ ಮೊದಲು ನನಗೆ ಹೇಳ್ಬೇಕು. ನಿಮಗಲ್ಲ. ಡಾಕ್ಟರ್ ಕೋಣೆಗೆ ನಾನೊಬ್ಬಳೇ ಹೋಗುದು."

"ಅಮ್ಮಾ, ನೀನು ಅಲ್ಲಿ ಬಿದ್ರೆ ಗಿದ್ರೆ..."

"ಬಿದ್ರೆ ಫೋನ್ ಮಾಡ್ತೇನೆ. ಮೂರು ತಿಂಗಳು ಕಾಯುದಿಲ್ಲ."

ಅವಳು ಮುಖ ತಿರುಗಿಸಿ ಬ್ಯಾಗಿನ ಜಿಪ್ಪು ಎಳೆದಳು. ಆ ಮಾತು ನಾನು ಆಡಬಾರದಿತ್ತೇನೋ. ಆಡಿದೆ.

ಮೆಲ್ಬರ್ನಿಗೆ ವಾಪಸಾದ ಮೇಲೆ ಡಾಕ್ಟರು ನನ್ನಿಂದ ಗಡಿಯಾರದ ಚಿತ್ರ ಬರೆಸಿದರು, ಐದು ಪದ ಹೇಳಿ ಆಮೇಲೆ ಕೇಳಿದರು, ನೂರರಿಂದ ಏಳೇಳು ಕಳೆಯಲು ಹೇಳಿದರು. ಗಂಡ ಹೋದದ್ದು ಯಾವಾಗ ಎಂದೂ ಕೇಳಿದರು. ಸರಿಯಾಗಿ ಹೇಳಿದೆ. ಮರೆವಿಲ್ಲ, ದುಃಖ ಇದೆ, ಅದಕ್ಕೆ ಮಾತಾಡಲು ಯಾರನ್ನಾದರೂ ನೋಡಿ ಎಂದರು. ಹೊರಗೆ ಮಕ್ಕಳಿಬ್ಬರೂ ಕುರ್ಚಿಯ ತುದಿಯಲ್ಲಿ ಕೂತಿದ್ದರು. ನಾನು ಬೇಕೆಂದೇ ನಿಧಾನವಾಗಿ ಕೊಡೆ ಹುಡುಕಿ ತೆಗೆದುಕೊಂಡು, ಆಮೇಲೆ ಹೇಳಿದೆ.

ಸೆಪ್ಟೆಂಬರಿನಲ್ಲಿ ಮಗ ಮೆಲ್ಬರ್ನಿಗೆ ಹೋದ. ಮನೆ ರೆಂಟಿಗೆ ಹೋಗಲಿಲ್ಲ. ನಾನೊಬ್ಬಳೇ ಇದ್ದೇನೆ. ವಾರ ವಾರ ಬಡಿಸುವುದನ್ನು ಬಿಟ್ಟಿದ್ದೇನೆ. ಆಟಿಯಲ್ಲಿ ಒಮ್ಮೆ ಬಡಿಸಿದೆ, ಬಾಗಿಲು ಹಾಕಿ ಹೊರಗೆ ಕೂತೆ, ಏನೂ ಮಾತಾಡಲಿಲ್ಲ. ಆಡಲು ಮಾತಿರಲಿಲ್ಲ. ಈಗ ಜಗಳವೆಲ್ಲ ಮಗಳ ಜೊತೆ, ಫೋನಿನಲ್ಲಿ. ಯಾಕೆ ಹಾಗೆ ಮಾಡಿದೆ ಎಂದು ನಾನು ಕೇಳುತ್ತೇನೆ. ಒಂದು ದಿನ ಅಳುತ್ತಾಳೆ, ಒಂದು ದಿನ ತಿರುಗಿ ಬೈಯುತ್ತಾಳೆ, "ನಿನಗೆ ಹೇಳಿದ್ರೆ ನೀನು ಅಪ್ಪನಿಗಿಂತ ಮೊದಲೇ ಮಲಗ್ತಿದ್ದೆ, ನನಗೆ ಗೊತ್ತಿಲ್ವಾ ನಿನ್ನ ಅವಸ್ಥೆ?" ಎಂದು. ಅದೂ ಸುಳ್ಳಲ್ಲ.

ಮೊನ್ನೆ ಮಾತಿನ ನಡುವೆ ಅವಳು ಇದ್ದಕ್ಕಿದ್ದಂತೆ ಸುಮ್ಮನಾದಳು.

"ಎಂತ ಉಂಟು? ಈಗಲೇ ಹೇಳು" ಎಂದೆ.

"ಎಂತದೂ ಇಲ್ಲ ಅಮ್ಮಾ."

ನಿಜವಿರಬಹುದು. ಇಲ್ಲದೆಯೂ ಇರಬಹುದು. ಒಲೆಯಲ್ಲಿ ಸಾರು ಕುದಿಯುತ್ತಿತ್ತು. ಹೋಗಿ ಒಲೆ ಆರಿಸಿ, ಕೈ ತೊಳೆದು ಬಂದು, ಕುರ್ಚಿ ಎಳೆದು ಕೂತೆ.

"ನನಗೆ ಪುರುಸೊತ್ತುಂಟು. ಹೇಳು" ಎಂದೆ.